ನಮ್ಮ ಮೀನು, ಇಲಾಖೆಯ ಮೀನು

ಮೈಸೂರಿನ ಪಶ್ಚಿಮದ ಅಂಚಿನಲ್ಲಿರುವ ಹೂಟಗಳ್ಳಿಯ ಕೆರೆಯ ಏರಿಯ ಮೇಲೆ ಒಂದು ಸಂಜೆ ನಾನು ಕಂಡ ಸಣ್ಣ ಪ್ರಸಂಗದಿಂದ ಈ ಮಾತನ್ನು ಆರಂಭಿಸುತ್ತೇನೆ. ಇಬ್ಬರು ಹುಡುಗರು ಹಳೆಯ ಪಂಚೆಯೊಂದರ ನಾಲ್ಕು ಚುಂಗುಗಳನ್ನು ಹಿಡಿದು ಜೊಂಡಿನ ಅಂಚಿನಲ್ಲಿ ಜಾಲಾಡುತ್ತಿದ್ದರು. ಸಿಕ್ಕಿದ ಮರಿಮೀನುಗಳನ್ನೆಲ್ಲ ಪ್ಲಾಸ್ಟಿಕ್ ಬೋಗುಣಿಯೊಂದಕ್ಕೆ ಸುರಿಯುತ್ತಿದ್ದರು. ಕೊರವ ಮೀನಿಗೆ ಗಾಳ ಹಾಕುವವರಿಗೆ ಜೀವಂತ ಎರೆ ಬೇಕು. ಬೆರಳುದ್ದದ ಮರಿಯನ್ನು ಗಾಳಕ್ಕೆ ಸಿಕ್ಕಿಸಿ ನೀರಿನಲ್ಲಿ ಆಡಲು ಬಿಟ್ಟರೆ, ಜೊಂಡಿನ ಬುಡದಲ್ಲಿ ಹೊಂಚುಹಾಕಿ ಕುಳಿತ ಕೊರವ ಅದರ ಮೇಲೆ ಎರಗುತ್ತದೆ. ಗಾಳ ಹಾಕಲು ಬಂದಿದ್ದ ಮುದುಕರೊಬ್ಬರು ಬೋಗುಣಿಯೊಳಗೆ ಕೈಯಿಳಿಸಿ, ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ, ಮರಿಗಳನ್ನು ಎರಡು ಪಾಲು ಮಾಡತೊಡಗಿದರು.

"ತಾತ, ಎಲ್ಲಾ ಒಂದೇ ತರ ಅವಲ್ಲ!" ಎಂದ ಒಬ್ಬ ಹುಡುಗ.

"ಒಂದೇ ತರ ಎಲ್ಲವೋ? ಇದು ನಮ್ಮ ಪಕ್ಕೆ. ಇದು ಇಲಾಖೆ ಗೆಂಡೆ. ಗೆಂಡೇನ ನೀರಿಗೆ ಬಿಡು, ದೊಡ್ಡದಾಗ್ಲಿ. ಪಕ್ಕೆ ಗಾಳಕ್ಕಾಯ್ತದೆ" ಎಂದರು ಅವರು.

ನಾನೂ ಬಗ್ಗಿ ನೋಡಿದೆ. ನನ್ನ ಕಣ್ಣಿಗೂ ಹುಡುಗನ ಕಣ್ಣಿಗೆ ಕಂಡಷ್ಟೇ ಕಂಡಿತು: ಬೆಳ್ಳಗೆ ಮಿನುಗುವ, ಒಂದೂವರೆ ಅಂಗುಲದ ಮೀನುಗಳು. ಆದರೆ ಮುದುಕರ ಮಾತು ಮನಸ್ಸಿನಲ್ಲಿ ಉಳಿಯಿತು. ಆ ಮಾತಿನಲ್ಲಿ ಸುಮಾರು ನೂರು ವರ್ಷಗಳ ಚರಿತ್ರೆಯಿದೆ. ನಮ್ಮ ಕೆರೆಗೆ 'ಇಲಾಖೆಯ ಮೀನು' ಬಂದದ್ದು ಯಾವಾಗ? ಏಕೆ ಬಂತು? ನಮ್ಮ ಮೀನು ಗಾಳದ ಎರೆಯಾಗಿ, ಹೊರಗಿನ ಮೀನು ಬೆಳೆಯಲೆಂದು ನೀರಿಗೆ ಮರಳುವ ಈ ತೀರ್ಪು ಹುಟ್ಟಿದ್ದು ಎಂತು?

ಕೆರೆಯೆಂಬುದು ಮನುಷ್ಯ ಕಟ್ಟಿದ ನೀರು. ಮೈಸೂರಿನ ಲಿಂಗಾಂಬುಧಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು ೧೮೨೮ರಲ್ಲಿ. ಕುಕ್ಕರಹಳ್ಳಿಯ ಕೆರೆ ಅವರ ಕಾಲದಲ್ಲೇ, ೧೮೬೪ರಲ್ಲಿ, ಆದದ್ದು. ಆದರೆ ಕಟ್ಟಿದವರಾರೂ ಅವುಗಳಿಗೆ ಮೀನನ್ನು ತಂದು ಬಿಡಬೇಕಾಗಿರಲಿಲ್ಲ. ಮುಂಗಾರಿನ ಹೊಸನೀರು ಹಳ್ಳಗಳಲ್ಲಿ ಹರಿದು, ಕೆರೆ ಕೋಡಿ ಬಿದ್ದಾಗ, ಮೀನು ತಾನೇ ಎದುರು ಹೊನಲಿನಲ್ಲಿ ಹತ್ತಿ ಬರುತ್ತಿತ್ತು. ಮಲೆನಾಡಿನವರು ಇದನ್ನು 'ಹತ್ತುಮೀನು' ಎಂದೇ ಕರೆಯುತ್ತಾರೆ. ಒಂದು ಕೆರೆಯ ಕೋಡಿ ಮುಂದಿನ ಕೆರೆಯ ಒಡಲಿಗೆ, ಅದರ ಕೋಡಿ ಹೊಳೆಗೆ, ಹೊಳೆ ಕಾವೇರಿಗೆ. ಹೀಗೆ ಸರಪಣಿಯಂತೆ ಹೆಣೆದುಕೊಂಡ ನೀರಿನಲ್ಲಿ ನದಿಯ ಮೀನೇ ಕೆರೆಯ ಮೀನಾಗಿತ್ತು. ಪಕ್ಕೆ, ಅರ್ಜ, ಕೆಮ್ಮೀನು, ಕಾಗೆಮೀನು, ಗಿರ್ಲು, ಕೊರವ, ಬಾಳೆ ಎಂಬ ಹೆಸರುಗಳೆಲ್ಲ ಆ ಕಾಲದ ನೆನಪುಗಳು.

ಈ ನೆಲದಲ್ಲಿ ಮೀನನ್ನು ಕಣ್ಣಿಟ್ಟು ನೋಡಿದವರ ಪರಂಪರೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳ ನಡುವೆ ಮತ್ಸ್ಯವಿನೋದಕ್ಕೂ ಒಂದು ಪ್ರಕರಣ ಮೀಸಲಾಗಿದೆ. ಪೊರೆಯುಳ್ಳ ಮೀನು ಯಾವುದು, ಬರಿಯ ಚರ್ಮದ ಮೀನು ಯಾವುದು, ಯಾವುದಕ್ಕೆ ಎಂತಹ ಎರೆ, ಗಾಳದ ದಾರ ಹೇಗಿರಬೇಕು ಎಂಬುದನ್ನೆಲ್ಲ ಆ ದೊರೆ ವಿವರಿಸಿದ್ದಾನೆ. ಮೀನುಗಳ ತಜ್ಞರಾದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣವನ್ನು ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿದರು. ಎರೆಗೂ ಬೇಟೆಗೂ ಇರುವ ಸಂಬಂಧವನ್ನು ಅರಸು ಬಲ್ಲವನಾಗಿದ್ದ. ಏರಿಯ ಮೇಲಿನ ಮುದುಕರೂ ಬಲ್ಲರು.

ಟಿಪ್ಪು ಸುಲ್ತಾನನ ಪತನವಾದ ಮರುವರ್ಷ, ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿ ಬೆಳೆ, ನೀರು, ಕಸುಬುಗಳನ್ನು ದಾಖಲಿಸಿದ. ಇದೇ ಬುಕಾನನ್ ಮುಂದೆ ಬಂಗಾಳದಲ್ಲಿ ಗಂಗೆಯ ಮೀನುಗಳನ್ನು ಅಭ್ಯಾಸಮಾಡಿ ೧೮೨೨ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದ. ಕಾಟ್ಲಾ, ರೋಹು, ಮೃಗಾಲ್‌ಗಳಿಗೆ ವಿಜ್ಞಾನದ ಹೆಸರು ಸಿಕ್ಕಿದ್ದು ಆ ಗ್ರಂಥದಲ್ಲಿ. ತಾನು ಕುದುರೆಯೇರಿ ಹಾದುಹೋದ ಕಾವೇರಿ ಸೀಮೆಯ ಕೆರೆಗಳಿಗೆ ಈ ಗಂಗೆಯ ಮೀನುಗಳು ಒಂದು ದಿನ ಬಂದು ನೆಲಸುವುವೆಂದು ಅವನು ಎಣಿಸಿರಲಾರ. ೧೮೪೯ರಲ್ಲಿ ಜೆರ್ಡನ್ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳ ಬಗೆಗೆ ಬರೆದು, ಕಾವೇರಿಯ ಕೆಲವು ಗೆಂಡೆಗಳಿಗೆ ಮೊದಲ ಬಾರಿಗೆ ಶಾಸ್ತ್ರೀಯ ಹೆಸರಿಟ್ಟ. ೧೮೭೫ರಿಂದ ೧೮೭೮ರ ಅವಧಿಯಲ್ಲಿ ಬೆಳಕು ಕಂಡ ಫ್ರಾನ್ಸಿಸ್ ಡೇಯ ಮಹಾಗ್ರಂಥದಲ್ಲಿ ಮೀನುಗಳ ದೇಶೀ ಹೆಸರುಗಳೂ ಇವೆ. ಅವುಗಳ ನಡುವೆ ಕನ್ನಡದ ಹೆಸರುಗಳೂ ಉಂಟು. ನಮ್ಮವರೇ ಆದ ವಿದ್ವಾಂಸರು ಈ ಕೆಲಸವನ್ನು ಕೈಗೆತ್ತಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಭೀಮಾಚಾರ್ ಮತ್ತು ಸುಬ್ಬರಾವ್ ಅವರು ೧೯೪೧ರಲ್ಲಿ ಕಡೂರು ಜಿಲ್ಲೆಯ ಮೀನುಗಳ ಪಟ್ಟಿಯನ್ನೂ, ಹೋರಾ ಅವರು ೧೯೪೨ರಲ್ಲಿ ಮೈಸೂರು ಸಂಸ್ಥಾನ ಹಾಗೂ ಸುತ್ತಣ ನೀಲಗಿರಿ, ವೈನಾಡು, ಕೊಡಗುಗಳ ಮೀನುಗಳ ಪಟ್ಟಿಯನ್ನೂ ಪ್ರಕಟಿಸಿದರು. ಇಂದು ನೋಡಿದರೆ ಆ ಪಟ್ಟಿಗಳು ಹಳೆಯ ಮನೆಯೊಂದರಲ್ಲಿ ಮದುವೆಗೆ ಮುಂಚೆ ತೆಗೆಸಿದ ಕುಟುಂಬದ ಭಾವಚಿತ್ರದಂತೆ ಕಾಣುತ್ತವೆ. ದೊಡ್ಡ ನೆಂಟಸ್ತಿಕೆ ಇನ್ನೂ ಆರಂಭವಾಗಿರಲಿಲ್ಲ.

ನೆಂಟರು ಬಂದದ್ದು ಒಬ್ಬೊಬ್ಬರಾಗಿ, ಒಬ್ಬೊಬ್ಬರಿಗೂ ಒಂದೊಂದು ಒಳ್ಳೆಯ ಕಾರಣವಿತ್ತು. ಮಲೇರಿಯಾ ಜನರನ್ನು ಹಿಂಡುತ್ತಿದ್ದ ಕಾಲದಲ್ಲಿ, ೧೯೨೮ರಲ್ಲಿ, ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಇಟಲಿಯಿಂದ ಬೆಂಗಳೂರಿಗೆ ಗ್ಯಾಂಬೂಸಿಯಾ ಬಂತು. ೧೯೩೯ರಲ್ಲಿ ಸಿಂಹಳದಿಂದ ನೀಲಗಿರಿಯ ತಣ್ಣೀರಿಗೆ ಯೂರೋಪಿನ ತಳಿಯ ಗೆಂಡೆ ಬಂತು. ೧೯೫೨ರಲ್ಲಿ ತಿಲಾಪಿಯಾ ಬಂತು. ಜನ ಅದನ್ನು ಜಿಲೇಬಿ ಎಂದು ಕರೆದು ತಮ್ಮದನ್ನಾಗಿ ಮಾಡಿಕೊಂಡರು. ೧೯೫೭ರಲ್ಲಿ ಬ್ಯಾಂಕಾಕಿನಿಂದ ಕಟಕ್‌ಗೆ ಗೆಂಡೆಯ ಇನ್ನೊಂದು ತಳಿ ಬಂದು, ಬಯಲುಸೀಮೆಯ ಬೆಚ್ಚನೆಯ ನೀರಿಗೆ ಒಗ್ಗಿ ದೇಶವನ್ನೆಲ್ಲ ಹಬ್ಬಿತು. ೧೯೫೯ರಲ್ಲಿ ಹುಲ್ಲುಗೆಂಡೆ ಮತ್ತು ಬೆಳ್ಳಿಗೆಂಡೆಗಳು ಬಂದವು. ಗಂಗೆಯ ಕಾಟ್ಲಾ, ರೋಹು, ಮೃಗಾಲ್‌ಗಳೂ ಕಾವೇರಿಗೆ ಹೊರಗಿನವೇ ಎಂಬುದನ್ನು ಮರೆಯಬಾರದು.

ಈ ಗಂಗೆಯ ಮೀನುಗಳ ಕಥೆಯಲ್ಲೇ ಮರಿಗಳನ್ನು ಗುರುತಿಸುವ ವಿದ್ಯೆಯ ಹುಟ್ಟೂ ಇದೆ. ಈ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಅವಕ್ಕೆ ನದಿಯ ಪ್ರವಾಹ ಬೇಕು. ಆದ್ದರಿಂದ ಬಂಗಾಳದ ನದಿಗಳಲ್ಲಿ ಮಳೆಗಾಲದ ನೆರೆಯೊಡನೆ ತೇಲಿಬರುವ ಮರಿಗಳನ್ನು ಸೋಸಿ, ಮಡಕೆಗಳಲ್ಲಿ ತುಂಬಿ, ರೈಲಿನಲ್ಲಿ ದೂರದ ಊರುಗಳಿಗೆ ಸಾಗಿಸುತ್ತಿದ್ದರು. ಆ ಮಡಕೆಯಲ್ಲಿ ಬೇಕಾದ ಮೀನಿನ ಮರಿಯೊಡನೆ ಬೇಡಾದದ್ದೂ, ಬೇಕಾದದ್ದನ್ನು ತಿಂದುಹಾಕುವಂಥದ್ದೂ ಇರುತ್ತಿತ್ತು. ಆರಿಸಿ ಬಿಡದಿದ್ದರೆ ಹಣ ನೀರಿನ ಪಾಲು. ಹೀಗೆ ಮರಿಯ ಮೈಮೇಲಿನ ಚುಕ್ಕೆಗಳನ್ನು ಓದುವುದು ಮೊದಲು ವ್ಯಾಪಾರದ ಅಗತ್ಯವಾಗಿ ಬೆಳೆಯಿತು. ೧೯೫೭ರ ಜುಲೈ ೧೦ರಂದು ಒರಿಸ್ಸಾದಲ್ಲಿ ಹೀರಾಲಾಲ್ ಚೌಧುರಿಯವರು ಮೀನಿನ ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಸಾಕಿದ ಗೆಂಡೆಗಳು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡುವುದರಲ್ಲಿ ಯಶಸ್ವಿಯಾದರು. ಅಲ್ಲಿಂದ ಮುಂದೆ ನದಿಯ ಹಂಗಿಲ್ಲದೆ ಮರಿಗಳು ಲಕ್ಷಗಟ್ಟಲೆ ದೊರೆಯತೊಡಗಿದವು. ೧೯೭೧ರಲ್ಲಿ ಆರಂಭವಾದ ಅಖಿಲ ಭಾರತ ಯೋಜನೆಯೊಂದು ಮೂರು ದೇಶೀ ಮತ್ತು ಮೂರು ವಿದೇಶೀ ಗೆಂಡೆಗಳನ್ನು ಒಂದೇ ಕೊಳದಲ್ಲಿ ಬೆಳೆಸುವ ಮಿಶ್ರ ಕೃಷಿಯನ್ನು ರೈತರಿಗೆ ಕಲಿಸಿತು. ಮೇಲ್ಪದರದ ಆಹಾರ ಒಂದಕ್ಕೆ, ನಡುಪದರದ್ದು ಇನ್ನೊಂದಕ್ಕೆ, ತಳದ್ದು ಮತ್ತೊಂದಕ್ಕೆ ಎಂಬುದು ಅದರ ತರ್ಕ. ಹೊಟ್ಟೆ ತುಂಬದ ದೇಶದಲ್ಲಿ ಇದು ಸಣ್ಣ ಸಾಧನೆಯಲ್ಲ. 'ಇಲಾಖೆಯ ಮೀನು' ಎಂಬ ಮಾತಿನಲ್ಲಿ ಮುದುಕರಿಗಿದ್ದ ಆದರ ಅಲ್ಲಿಂದ ಬಂದದ್ದು.

ಹೊರಗಿನದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಹಳಿಯುವುದು ವಿವೇಕವಲ್ಲ. ಮೈಸೂರು ಸೀಮೆಯವರ ಮುದ್ದೆಯ ರಾಗಿಗೆ ತವರು ಪೂರ್ವ ಆಫ್ರಿಕಾ. ಸಾರಿನ ಮೆಣಸಿನಕಾಯಿಗೆ ಅಮೆರಿಕಾ. ಬಂದದ್ದು ಬಂದಮೇಲೆ ಏನು ಮಾಡಿತು ಎಂಬುದೇ ನಾವು ಕೇಳಬೇಕಾದ ಪ್ರಶ್ನೆ. ಇಲ್ಲಿ ಗೆಂಡೆ ಗೆಂಡೆಗೂ ವ್ಯತ್ಯಾಸವಿದೆ. ಕಾಟ್ಲಾ, ರೋಹು, ಹುಲ್ಲುಗೆಂಡೆ, ಬೆಳ್ಳಿಗೆಂಡೆಗಳನ್ನು ನಮ್ಮ ಸಣ್ಣ ಕೆರೆಗೆ ಬಿಟ್ಟರೆ ಅವು ಬೆಳೆಯುತ್ತವೆಯೇ ಹೊರತು ಸಂತಾನ ಬೆಳೆಸುವುದಿಲ್ಲ. ಪ್ರತಿವರ್ಷ ಮರಿ ಬಿತ್ತಬೇಕು. ಬಿಡುವುದನ್ನು ನಿಲ್ಲಿಸಿದರೆ ಆ ಅಧ್ಯಾಯ ಮುಗಿಯಿತು. ಆದರೆ ಇಲಾಖೆಯವರು 'ಸಾಮಾನ್ಯ ಗೆಂಡೆ' ಎನ್ನುವ ಮೀನು ಹಾಗಲ್ಲ. ಅದು ನಿಂತ ನೀರಿನಲ್ಲೇ ಜೊಂಡಿಗೆ, ಪಾಚಿಗೆ, ಮುಳುಗಿದ ಹುಲ್ಲಿಗೆ ಅಂಟುವ ಮೊಟ್ಟೆಗಳನ್ನಿಡುತ್ತದೆ. ಅದು ನೆಂಟನಲ್ಲ, ಒಕ್ಕಲು. ಜೊತೆಗೆ ಅದು ತಳದ ಕೆಸರನ್ನು ಬಾಯಿಂದ ಕೆದಕಿ ಹುಳುಗಳನ್ನು ಹೆಕ್ಕುತ್ತದೆ. ನೀರು ಕದಡುತ್ತದೆ, ಬೆಳಕು ಕೆಳಗಿಳಿಯದೆ ನೀರಿನ ಗಿಡಗಳು ಸಾಯುತ್ತವೆ. ಆ ಗಿಡಗಳ ನಡುವೆ ಮೊಟ್ಟೆಯಿಡುತ್ತಿದ್ದ ಚಿಕ್ಕ ಮೀನುಗಳಿಗೆ ಮನೆ ಇಲ್ಲವಾಗುತ್ತದೆ. ಕಾಶ್ಮೀರದ ದಾಲ್ ಸರೋವರದಲ್ಲಿ ಸಾಮಾನ್ಯ ಗೆಂಡೆ ನೆಲೆಗೊಂಡ ಮೇಲೆ ಅಲ್ಲಿನ ಹಳೆಯ ಮೀನುಗಳು ಹಿಂದೆ ಸರಿದವು. ದೊಡ್ಡ ಜಲಾಶಯಗಳಲ್ಲಾದರೋ ಬೆಳ್ಳಿಗೆಂಡೆಯನ್ನೂ ನಂಬುವಂತಿಲ್ಲ. ಹಿಮಾಚಲದ ಗೋವಿಂದಸಾಗರಕ್ಕೆ ೧೯೭೧ರಲ್ಲಿ ನೆರೆಯಿಂದಾಗಿ ಆಕಸ್ಮಿಕವಾಗಿ ಸೇರಿದ ಆ ಮೀನು ಅಲ್ಲಿ ಸಂತಾನ ಬೆಳೆಸಿ, ಕಾಟ್ಲಾದ ಪಾಲನ್ನು ಕಿತ್ತುಕೊಂಡಿತು.

ಆದುದರಿಂದಲೇ ಬೋಗುಣಿಯ ಮರಿಗಳನ್ನು ಗುರುತಿಸುವುದು ಬರಿಯ ಕುತೂಹಲದ ವಿಷಯವಲ್ಲ. ಆ ಸಂಜೆ ಮುದುಕರನ್ನು ಕೇಳಿ, ಆಮೇಲೆ ಪುಸ್ತಕಗಳನ್ನು ನೋಡಿ ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ. ಗೆಂಡೆಯ ಮರಿಗೆ ಬಾಯಿಯ ಬದಿಯಲ್ಲಿ ಎರಡು ಜೊತೆ ಮೀಸೆಗಳಿರುತ್ತವೆ. ಪಕ್ಕೆಗಳಲ್ಲಿ ಕೆಲವಕ್ಕೆ ಮೀಸೆಯೇ ಇಲ್ಲ, ಕೆಲವಕ್ಕೆ ಒಂದು ಜೊತೆ. ಇಷ್ಟರಿಂದಲೇ ತೀರ್ಮಾನಿಸುವವನು ಮೋಸಹೋಗುತ್ತಾನೆ. ನಮ್ಮ ದೊಡ್ಡ ಪಕ್ಕೆಯ ಜಾತಿಯೊಂದಕ್ಕೂ ಎರಡು ಜೊತೆ ಮೀಸೆಯುಂಟು. ಆಗ ಬೆನ್ನಿನ ರೆಕ್ಕೆಯನ್ನು ನೋಡಬೇಕು. ಪಕ್ಕೆಯ ಬೆನ್ನುರೆಕ್ಕೆ ಚಿಕ್ಕದು, ಕವಲೊಡೆದ ಕಡ್ಡಿಗಳು ಎಂಟರ ಸುಮಾರು. ಗೆಂಡೆಯದು ಬೆನ್ನಿನ ಅರ್ಧಭಾಗವನ್ನು ಆವರಿಸಿದ ನೀಳವಾದ ರೆಕ್ಕೆ, ಕಡ್ಡಿಗಳು ಇಪ್ಪತ್ತರ ಸುಮಾರು. ಇಲ್ಲಿಗೂ ಮುಗಿಯಲಿಲ್ಲ. ಕಾವೇರಿಯ ಕೆಮ್ಮೀನಿಗೂ ನೀಳವಾದ ರೆಕ್ಕೆ, ಎರಡು ಜೊತೆ ಮೀಸೆ ಇವೆ. ಆದರೆ ಕೆಮ್ಮೀನಿನ ತುಟಿಯಲ್ಲಿ ಸಣ್ಣ ಝಾಲರಿಯಿದೆ. ಅದರ ಬೆನ್ನುರೆಕ್ಕೆಯ ಮುಂದಿನ ಕಡ್ಡಿ ಮೃದು. ಗೆಂಡೆಯ ಮುಂದಿನ ಕಡ್ಡಿ ಗಟ್ಟಿಯಾದ ಮುಳ್ಳು, ಅದರ ಹಿಂಬದಿಯಲ್ಲಿ ಗರಗಸದ ಹಲ್ಲುಗಳು. ಮರಿ ಸ್ವಲ್ಪ ಬಲಿತಿದ್ದರೆ ಉಗುರಿನ ತುದಿಗೇ ಅದು ತಿಳಿಯುತ್ತದೆ. ನೀಳವಾದ ರೆಕ್ಕೆ, ಗರಗಸದ ಮುಳ್ಳು, ನಾಲ್ಕು ಮೀಸೆ: ಮೂರೂ ಕೂಡಿದಲ್ಲಿ ಅದು ಹೊರಗಿನ ಗೆಂಡೆ. ಒಂದು ಸಾಕ್ಷಿಯಿಂದ ತೀರ್ಪು ಕೊಡಬಾರದೆಂಬ ನ್ಯಾಯಾಲಯದ ವಿವೇಕ ಇಲ್ಲಿಯೂ ಸಲ್ಲುತ್ತದೆ.

ಬಾಲದ ಬುಡವೂ ಮಾತಾಡುತ್ತದೆ. ಹಲವು ಪಕ್ಕೆಗಳಲ್ಲಿ ಅಲ್ಲಿ ದುಂಡನೆಯ ಕಪ್ಪು ಬೊಟ್ಟಿರುತ್ತದೆ. ಮೃಗಾಲ್ ಮರಿಯಲ್ಲಿ ಅದು ವಜ್ರಾಕೃತಿಯ ಮಚ್ಚೆ, ರೋಹುವಿನಲ್ಲಿ ಅಡ್ಡಪಟ್ಟಿ. ಕಾಟ್ಲಾ ಮರಿಯಲ್ಲಿ ಮಚ್ಚೆಯಿಲ್ಲ, ತಲೆ ಮಾತ್ರ ದೊಡ್ಡದು. ಬೆಳ್ಳಿಗೆಂಡೆಯ ಮರಿಯನ್ನು ನಮ್ಮ ಹೊಳೆಯ ಬೆಳ್ಳಿಯ ಕಡ್ಡಿಯಂತಹ ಚಪ್ಪಟೆ ಮೀನುಗಳಿಂದ ಬೇರ್ಪಡಿಸಲು ಕಣ್ಣನ್ನು ನೋಡಬೇಕು: ಬೆಳ್ಳಿಗೆಂಡೆಯ ಕಣ್ಣು ಮುಖದ ನಡುಗೆರೆಗಿಂತ ಕೆಳಗೆ, ಯಾರೋ ತಪ್ಪಿ ಇಟ್ಟಂತೆ ಇರುತ್ತದೆ. ನಮ್ಮದರ ಬೆನ್ನುರೆಕ್ಕೆಯಾದರೋ ಬಹಳ ಹಿಂದೆ, ಬಾಲದ ಕಡೆಗೆ ಸರಿದಿರುತ್ತದೆ. ಇನ್ನು ಸೊಳ್ಳೆಮೀನು. ಇಟಲಿಯಿಂದ ಬಂದ ಗ್ಯಾಂಬೂಸಿಯಾವನ್ನು ಎಲ್ಲರೂ ಬಲ್ಲರು. ಆದರೆ ಅದೇ ನೀರಿನ ಮೇಲ್ಪದರದಲ್ಲಿ, ತಲೆಯ ಮೇಲೆ ಮುತ್ತಿನಂತಹ ಹೊಳೆಯುವ ಬೊಟ್ಟನ್ನು ಹೊತ್ತ ನಮ್ಮದೇ ಚಿಕ್ಕ ಮೀನೊಂದು ಮೊದಲಿನಿಂದಲೂ ಸೊಳ್ಳೆಯ ಮರಿಗಳನ್ನು ತಿನ್ನುತ್ತ ಬಂದಿತ್ತು. ಮನೆಯಲ್ಲಿದ್ದ ವೈದ್ಯನನ್ನು ಕಾಣದೆ ನಾವು ಪರದೇಶಕ್ಕೆ ಹೇಳಿಕಳುಹಿಸಿದೆವು.

ಗುರುತಿಸದೆ ಹೋದರೆ ತೆರಬೇಕಾದ ಬೆಲೆಗೆ ಕಾವೇರಿಯಲ್ಲೇ ಒಂದು ನಿದರ್ಶನವಿದೆ. ೧೯೪೬ರಲ್ಲಿ ಮೈಸೂರಿನ ಹೆಸರಾಂತ ಚರ್ಮಪ್ರಸಾಧಕರ ಮನೆತನದ ವಾನ್ ಇಂಗನ್ ಸೋದರರಲ್ಲೊಬ್ಬರು ಕಪಿಲೆಯಲ್ಲಿ ೧೨೦ ಪೌಂಡು ತೂಕದ, ಎಂದರೆ ಸುಮಾರು ೫೪ ಕಿಲೋಗ್ರಾಂಗಳ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು. ಅದು ಬೆನ್ನುಬ್ಬಿದ ಕಾವೇರಿಯ ಮಹಶೀರ್. ನದೀತೀರದವರು ಬಿಳಿಮೀನು ಎನ್ನುತ್ತಿದ್ದ ಜಾತಿ. ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಕಾಳಜಿಯಿಂದಲೇ ೧೯೭೦ರ ದಶಕದಿಂದ ಲೋನಾವಳದ ಕೇಂದ್ರವೊಂದರಲ್ಲಿ ಬೆಳೆಸಿದ ಮರಿಗಳನ್ನು ದೇಶದ ನಾನಾ ನದಿಗಳಿಗೆ ಬಿಡಲಾಯಿತು, ಕಾವೇರಿಗೂ ಬಂದವು. ಆದರೆ ಅವು ಇನ್ನೊಂದು ಜಾತಿಯವು, ನೀಲಿರೆಕ್ಕೆಯವು. ಮಹಶೀರ್ ಎಂದರೆ ಮಹಶೀರ್ ಎಂದು ಎಲ್ಲರೂ ನಂಬಿದ್ದರು. ಹೊಸಬರು ಹೆಚ್ಚಿದರು, ಹಳಬರು ಅಪರೂಪವಾದರು. ಆ ಬೆನ್ನುಬ್ಬಿದ ಮೀನು ಟಾರ್ ರೆಮಾದೇವಿಯೈ ಎಂಬ ಪ್ರತ್ಯೇಕ ಜಾತಿಯೆಂದು ವಿಜ್ಞಾನ ಖಚಿತಪಡಿಸಿದ್ದು ೨೦೧೮ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನಾಮಕರಣವೂ ಅಪಾಯದ ಕರೆಯೂ ಒಂದೇ ವರ್ಷ ಬಂದವು. ಅಲ್ಲಿ ಕೇಡು ಬಗೆದವರಾರೂ ಇರಲಿಲ್ಲ. ಇದ್ದದ್ದು ಒಳ್ಳೆಯ ಮನಸ್ಸು ಮತ್ತು ಗುರುತು ಹಿಡಿಯದ ಕಣ್ಣು.

ಮಹಶೀರ್ ದೊಡ್ಡ ಮೀನು. ಅದಕ್ಕಾಗಿ ಮರುಗಲು ದೂರದೇಶದವರೂ ಇದ್ದಾರೆ. ಪಕ್ಕೆಗಾಗಿ ಮರುಗುವವರು ಯಾರು? ಅದನ್ನು ತೂಕಕ್ಕೆ ಹಾಕಿದರೆ ಕಾಸು ಹುಟ್ಟುವುದಿಲ್ಲ. ಅದು ಎರೆಯಾಗಿ, ಕೊಕ್ಕರೆಗೆ ಆಹಾರವಾಗಿ, ಬಡವರ ಮನೆಯ ಸಾರಾಗಿ ಬಾಳಿದ ಜೀವ. ಚರಂಡಿಯ ನೀರು ಕೆರೆಗಿಳಿದಾಗ ಮೊದಲು ಹೋಗುವ ಜೀವಗಳಲ್ಲಿ ಅದೂ ಒಂದು. ಕೊರವ ನೀರಿನ ಮೇಲೆ ಬಂದು ಗಾಳಿಯನ್ನು ಗುಟುಕರಿಸಿ ಉಳಿದೀತು. ಪಕ್ಕೆಗೆ ಆ ಸೌಲಭ್ಯವಿಲ್ಲ. ಹಳ್ಳಗಳ ಮೇಲೆ ಬಡಾವಣೆಗಳೆದ್ದು ಕೆರೆಯಿಂದ ಕೆರೆಗಿದ್ದ ಸರಪಣಿ ಕಡಿದುಹೋದಲ್ಲಿ, ಒಮ್ಮೆ ಅಳಿದದ್ದು ಹೊಸನೀರಿನೊಡನೆ ಹತ್ತಿ ಬರುವುದಕ್ಕೂ ದಾರಿಯಿಲ್ಲ.

ಮಾತಿನ ವಿಚಾರವಾಗಿಯೂ ಒಂದು ಸಂಗತಿ ಹೇಳಬೇಕು. ಗೆಂಡೆ ಎಂಬುದು ಹಳೆಯ ದ್ರಾವಿಡ ಶಬ್ದ. ತಮಿಳಿನ ಕೆಂಡೈ ಅದರ ಒಡಹುಟ್ಟು. ನಮ್ಮ ಹೊಳೆಯ ಮೀನುಗಳಿಗಿದ್ದ ಹೆಸರು ಅದು. ಹೊಸಬರು ಬಂದಾಗ ಅವರಿಗೆ ಹೆಸರು ಬೇಕಾಯಿತು: ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ. ಇಂದು ಗೆಂಡೆ ಎಂದೊಡನೆ ಕಣ್ಣ ಮುಂದೆ ಬರುವುದು ಆ ಮೀನುಗಳೇ. ನಮ್ಮವು ನೀರಿನಲ್ಲಷ್ಟೇ ಅಲ್ಲ, ನಿಘಂಟಿನಲ್ಲಿಯೂ ಸ್ಥಳ ಬಿಟ್ಟುಕೊಟ್ಟಿವೆ.

ಏರಿಯ ಮೇಲಿನ ಮುದುಕರ ತೀರ್ಪು ನನಗೆ ಒಪ್ಪಿಗೆಯಾಗಲಿಲ್ಲ. ಗೆಂಡೆಯನ್ನು ಗಾಳಕ್ಕೂ ಪಕ್ಕೆಯನ್ನು ನೀರಿಗೂ ಕಳುಹಿಸಬೇಕಿತ್ತೆಂದು ನನ್ನ ಮನಸ್ಸು ಹೇಳಿತು. ಆದರೆ ಆ ತೀರ್ಪನ್ನು ತಿದ್ದುವ ಯೋಗ್ಯತೆ ನನಗೆಲ್ಲಿತ್ತು? ಎರಡನ್ನೂ ಬೇರೆಮಾಡಬಲ್ಲ ಕಣ್ಣು ಅವರಲ್ಲಿತ್ತು, ನನ್ನಲ್ಲಿರಲಿಲ್ಲ. ಯಾವುದನ್ನು ಉಳಿಸಬೇಕೆಂಬ ವಿವೇಕ ನಾಳೆಯಾದರೂ ಬಂದೀತು. ಗುರುತಿಸುವ ಕಣ್ಣೇ ಇಲ್ಲವಾದರೆ ಆ ವಿವೇಕ ಯಾವುದರ ಮೇಲೆ ನಿಂತೀತು? ನಮ್ಮ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆ ಊರ ಕೆರೆಯ ಏರಿಗೆ ಕರೆದೊಯ್ದು, ಇಂತಹ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ಅಲ್ಲಿರುವ ಮೀನುಗಳ ಹೆಸರನ್ನು ಕನ್ನಡದಲ್ಲಿ ಬರೆಸಿದರೆ, ೧೯೪೧ರಲ್ಲಿ ಆರಂಭವಾದ ಪಟ್ಟಿಯ ಕೆಲಸವನ್ನು ನಾವೂ ಒಂದಿಷ್ಟು ಮುಂದುವರಿಸಿದಂತಾದೀತು.

ನಾನು ಹೊರಟಾಗ ಕತ್ತಲಾಗುತ್ತಿತ್ತು. ಮುದುಕರು ಗಾಳವನ್ನು ಹಾಕಿ ಕುಳಿತಿದ್ದರು. ಹುಡುಗ ಬೋಗುಣಿಯ ಮೇಲೆ ಬಗ್ಗಿ, ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು, ಅದರ ಬೆನ್ನಿನ ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ ನೋಡುತ್ತಿದ್ದ. "ತಾತ, ಇದು ನಮ್ದೇ ಅಲ್ವಾ?" ಎಂದು ಕೇಳುತ್ತಿದ್ದ.